ಬಡಿಸುವವರಿಗೂ ಗಾಳಿ ಬೇಕು

ಕಂಪ್ಯೂಟರಿನ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಇಣುಕಿದವರಿಗೆ ಮೊದಲು ಕಾಣುವುದು ಒಂದು ಫ್ಯಾನು. ಅದರಡಿ ಅಲ್ಯೂಮಿನಿಯಂ ರೆಕ್ಕೆಗಳ ಒಂದು ದಿಮ್ಮಿ. ದಿಮ್ಮಿಯ ಅಡಿಯಲ್ಲಿ ಕಣ್ಣಿಗೇ ಬೀಳದಂತೆ ಕೂತಿರುವುದು ಪ್ರೊಸೆಸರ್, ಅಂದರೆ ಇಡೀ ಯಂತ್ರದ ಲೆಕ್ಕಾಚಾರವನ್ನೆಲ್ಲ ಮಾಡುವ ಚಿಪ್. ಈ ಯಜಮಾನನಿಗೆ ಸಲ್ಲುವ ಉಪಚಾರ ಒಂದೆರಡಲ್ಲ. ಗಾಳಿ ಬೀಸಲು ಫ್ಯಾನು, ಶಾಖ ಹೀರಲು ತಾಮ್ರದ ಕೊಳವೆ, ದುಬಾರಿ ಯಂತ್ರವಾದರೆ ನೀರು ಹರಿಸುವ ಪಂಪು ಕೂಡ. ಬಿಸಿ ಹೆಚ್ಚಾಯಿತೋ ಎಂದು ಕ್ಷಣಕ್ಷಣಕ್ಕೂ ಅಳೆಯಲು ಮೈಯೊಳಗೇ ತಾಪಮಾಪಕ.

ಈ ಯಜಮಾನನ ಪಕ್ಕದಲ್ಲೇ, ಒಂದೆರಡು ಬೆರಳಿನ ಅಂತರದಲ್ಲಿ, ಇನ್ನೊಂದು ಸಾಲು ಇದೆ. ಕರಿಯ ಚೌಕಾಕಾರದ ಪುಟ್ಟ ಬಿಲ್ಲೆಗಳು, ಬೂದು ಬಣ್ಣದ ಘನಾಕಾರದ ಕಾಯಿಲ್‌ಗಳು, ಬೆರಳ ತುದಿಯಷ್ಟಿರುವ ಡಬ್ಬಿಗಳು. ಮದರ್‌ಬೋರ್ಡಿನ ಮೇಲೆ ಕೂತ ಇವುಗಳ ಕೆಲಸ ಒಂದೇ: ಪ್ರೊಸೆಸರಿಗೆ ಬೇಕಾದ ವಿದ್ಯುತ್ತನ್ನು ಬೇಕಾದ ಹದದಲ್ಲಿ, ಬೇಕಾದ ಕ್ಷಣದಲ್ಲಿ ಬಡಿಸುವುದು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರ ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಹುಳಿಯ ಬಕೆಟ್ ಹಿಡಿದು ಓಡಾಡುವವರು ಬೆವರುತ್ತಲೇ ಇರುತ್ತಾರೆ. ಇಲ್ಲಿಯ ಪರಿಸ್ಥಿತಿಯೂ ಬಹುಮಟ್ಟಿಗೆ ಹಾಗೆಯೇ. ಯಂತ್ರ ಹಠಾತ್ತನೆ ನಿಂತುಹೋದಾಗ ನಾವು ಪ್ರೊಸೆಸರನ್ನೋ ವೈರಸ್ಸನ್ನೋ ದೂರುತ್ತೇವೆ. ಎಷ್ಟೋ ಸಲ ಬಸವಳಿದು ಕುಸಿದವರು ಈ ಬಡಿಸುವವರು.

ಇವರ ಪಾಲಿಗೆ ಇಷ್ಟು ಬಿಸಿ ಬಂದದ್ದು ಹೇಗೆ? ಕಳೆದ ಎಂಬತ್ತು ವರ್ಷಗಳ ಗಣಕ ಚರಿತ್ರೆಯನ್ನು ಬಿಸಿಯ ಕಡೆಯಿಂದ ನೋಡಿದರೆ ಉತ್ತರ ಸಿಗುತ್ತದೆ.

ದುಡಿಮೆಯ ಮಿತಿ

ಲೆಕ್ಕ ಮಾಡುವ ಯಂತ್ರಕ್ಕೂ ಬಿಸಿಗೂ ನಂಟು ಹುಟ್ಟಿನಿಂದಲೇ ಬಂದದ್ದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಲೋಕಾರ್ಪಣೆಯಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18 ಸಾವಿರ ನಿರ್ವಾತ ಕೊಳವೆಗಳಿದ್ದವು. ಹಳೆಯ ರೇಡಿಯೊಗಳಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅದೇ ವಾಲ್ವ್‌ಗಳು. ಯಂತ್ರ ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ಕೊನೆಗೆ ಅದೆಲ್ಲವೂ ಬಿಸಿಯಾಗಿ ಹೊರಬರಲೇಬೇಕು. ಗಾಳಿ ನುಗ್ಗಿಸಲು ಯಂತ್ರಕ್ಕೆ ದೊಡ್ಡ ಬ್ಲೋಯರ್‌ಗಳನ್ನೇ ಕೂಡಿಸಬೇಕಾಯಿತು.

ಅಷ್ಟೊಂದು ವಾಲ್ವ್‌ಗಳಲ್ಲಿ ಆಗಾಗ ಒಂದಲ್ಲ ಒಂದು ಸುಟ್ಟು ಯಂತ್ರ ನಡೆಯದು ಎಂದು ತಿಳಿದವರು ಆಗಲೇ ಎಚ್ಚರಿಸಿದ್ದರು. ಎನಿಯಾಕ್‌ನ ಮುಖ್ಯ ಎಂಜಿನಿಯರ್ ಪ್ರೆಸ್ಪರ್ ಎಕರ್ಟ್ ಅದಕ್ಕೆ ಕಂಡುಕೊಂಡ ಉಪಾಯ ಸರಳ. ಪ್ರತಿಯೊಂದು ವಾಲ್ವನ್ನೂ ಅದರ ಶಕ್ತಿಗಿಂತ ಕಡಿಮೆ ದುಡಿಸುವುದು. ಎತ್ತಿಗೆ ಎಳೆಯಲು ಸಾಧ್ಯವಿರುವಷ್ಟು ಹೇರು ಹೇರದೆ, ಸುಸ್ತಾಗದೆ ಎಳೆಯುವಷ್ಟು ಹೇರಿದರೆ ಅದು ಬಹುಕಾಲ ಬಾಳುತ್ತದೆ ಎಂಬ ರೈತನ ಬುದ್ಧಿ ಇದು. ಈ ಮಾತನ್ನು ನೆನಪಿನಲ್ಲಿಡಿ. ಅರುವತ್ತು ವರ್ಷ ಕಳೆದ ಮೇಲೂ ಮದರ್‌ಬೋರ್ಡ್ ಮಾಡುವವರು ಮರಳಿ ಇದೇ ಉಪಾಯಕ್ಕೆ ಬರಬೇಕಾಯಿತು.

ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ವಾಲ್ವನ್ನು ಮೂಲೆಗೆ ತಳ್ಳಿತು. ಒಂದೊಂದು ಟ್ರಾನ್ಸಿಸ್ಟರಿನ ಬಿಸಿ ತೀರಾ ಕಡಿಮೆ. ಆದರೆ ಹನಿ ಹನಿ ಕೂಡಿದರೆ ಹಳ್ಳ. ಸೆಮೂರ್ ಕ್ರೇ 1976ರಲ್ಲಿ ಕಟ್ಟಿಕೊಟ್ಟ ಕ್ರೇ-1 ಸೂಪರ್ ಕಂಪ್ಯೂಟರ್ ಸುಮಾರು 115 ಕಿಲೋವ್ಯಾಟ್ ತಿನ್ನುತ್ತಿತ್ತು. ಅದನ್ನು ತಂಪಾಗಿಡಲು ಫ್ರಿಜ್ಜಿನಲ್ಲಿ ಬಳಸುವಂಥ ಫ್ರೇಯಾನ್ ದ್ರವವನ್ನು ಕೊಳವೆಗಳಲ್ಲಿ ಹರಿಸಿದರು. ಆ ಯಂತ್ರದ ಸುತ್ತ ಮೆತ್ತೆ ಹಾಕಿದ ಆಸನಗಳಿದ್ದವು. ನೋಡಿದವರು ಅದನ್ನು ಅಲಂಕಾರವೆಂದುಕೊಂಡರು. ಆಸನದ ಕೆಳಗೆ ಅಡಗಿದ್ದದ್ದು ವಿದ್ಯುತ್ ಪೂರೈಕೆಯ ಘಟಕಗಳು. ಬಡಿಸುವವರು ತೆರೆಮರೆಯಲ್ಲಿರಬೇಕು ಎಂಬ ಪದ್ಧತಿ ಅಂದೇ ಶುರುವಾಗಿತ್ತು.

ನಮ್ಮಲ್ಲೂ ಎಂಬತ್ತು–ತೊಂಬತ್ತರ ದಶಕದಲ್ಲಿ ಶಾಲೆ, ಕಾಲೇಜು, ಬ್ಯಾಂಕುಗಳಿಗೆ ಕಂಪ್ಯೂಟರ್ ಕಾಲಿಟ್ಟಾಗ ಅದಕ್ಕೊಂದು ಗರ್ಭಗುಡಿಯೇ ಬೇಕಿತ್ತು. ಗಾಜಿನ ಬಾಗಿಲು, ಏರ್ ಕಂಡಿಷನರ್, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಯಂತ್ರಕ್ಕೆ ದೂಳು ತಾಗಬಾರದು, ಬಿಸಿ ತಟ್ಟಬಾರದು ಎಂಬ ಭಯಭಕ್ತಿ. ಅದು ಬರೀ ಆಡಂಬರವಾಗಿರಲಿಲ್ಲ. ದೂಳು ಗಾಳಿಯ ದಾರಿ ಕಟ್ಟುತ್ತದೆ, ಗಾಳಿ ಕಟ್ಟಿದರೆ ಬಿಸಿ ಏರುತ್ತದೆ ಎಂಬುದು ಇಂದಿಗೂ ಸುಳ್ಳಾಗಿಲ್ಲ.

ಫ್ಯಾನು ಬೇಡವೆಂದವರು

ಮೇಜಿನ ಮೇಲಿನ ಕಂಪ್ಯೂಟರ್ ಬಂದ ಹೊಸತರಲ್ಲಿ ಫ್ಯಾನಿನ ಸದ್ದನ್ನೇ ಸಹಿಸದವರೂ ಇದ್ದರು. ಆಪಲ್ ಕಂಪನಿ 1980ರಲ್ಲಿ ಹೊರತಂದ ಆಪಲ್-3 ಯಂತ್ರದಲ್ಲಿ ಫ್ಯಾನ್ ಇರಕೂಡದು ಎಂದು ಸ್ಟೀವ್ ಜಾಬ್ಸ್ ಪಟ್ಟು ಹಿಡಿದರು. ದಪ್ಪನೆಯ ಅಲ್ಯೂಮಿನಿಯಂ ತಳವೇ ಶಾಖವನ್ನು ಹೊರಹಾಕಬೇಕಿತ್ತು. ಬಳಕೆಗೆ ಬಂದಮೇಲೆ ಎಷ್ಟೋ ಯಂತ್ರಗಳು ಕಾದು ಕೈಕೊಟ್ಟವು. ಒಳಗಿನ ಚಿಪ್‌ಗಳು ತಮ್ಮ ಸಾಕೆಟ್ಟಿನಿಂದ ಸಡಿಲಗೊಳ್ಳುತ್ತಿದ್ದವು. ಯಂತ್ರವನ್ನು ಮೇಜಿನಿಂದ ಎರಡು–ಮೂರು ಅಂಗುಲ ಮೇಲೆತ್ತಿ ಧೊಪ್ಪನೆ ಬಿಡಿ, ಚಿಪ್‌ಗಳು ಮತ್ತೆ ಕೂತುಕೊಳ್ಳುತ್ತವೆ ಎಂಬ ಸಲಹೆಯೂ ಗ್ರಾಹಕರಿಗೆ ಸಿಕ್ಕಿತು! 1984ರ ಮೊದಲ ಮೆಕಿಂತೋಷ್‌ನಲ್ಲೂ ಫ್ಯಾನ್ ಇರಲಿಲ್ಲ. ಜನ ಅದನ್ನು ರೊಟ್ಟಿ ಸುಡುವ ಟೋಸ್ಟರಿಗೆ ಹೋಲಿಸಿ ನಕ್ಕರು.

ಇಷ್ಟಾದರೂ ಅಂದಿನ ಬಿಸಿ ಇಂದಿನದರ ಮುಂದೆ ಏನೇನೂ ಅಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯ ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಒಟ್ಟು ಸಾಮರ್ಥ್ಯ 63.5 ವ್ಯಾಟ್. ಮನೆಯ ಒಂದು ಹಳೆಯ ಬಲ್ಬಿನಷ್ಟು. ಅದರಲ್ಲಿನ 8088 ಪ್ರೊಸೆಸರಿನ ಮೇಲೆ ಹೀಟ್‌ಸಿಂಕ್ ಕೂಡ ಇರಲಿಲ್ಲ. ಮದರ್‌ಬೋರ್ಡಿನ ಬಹುಪಾಲು ಚಿಪ್‌ಗಳು 5 ವೋಲ್ಟಿನಲ್ಲಿ ನಡೆಯುತ್ತಿದ್ದವು. ಪೆಟ್ಟಿಗೆಯಿಂದ 5 ವೋಲ್ಟಿನ ತಂತಿ ಬಂತು, ಎಲ್ಲರೂ ಹಂಚಿಕೊಂಡು ಉಂಡರು. ಬಡಿಸುವವರು ಬೇರೆ ಬೇಕಿರಲಿಲ್ಲ.

ವೋಲ್ಟ್ ಇಳಿಯಿತು, ಆಂಪಿಯರ್ ಏರಿತು

ಈ ಒಟ್ಟು ಕುಟುಂಬ ಒಡೆದದ್ದು ತೊಂಬತ್ತರ ದಶಕದಲ್ಲಿ. ಇಂಟೆಲ್ ಕಂಪನಿಯ ಮೊದಲ ಪೆಂಟಿಯಂ 1993ರಲ್ಲಿ 5 ವೋಲ್ಟಿನಲ್ಲೇ ಬಂತು. ಅದರ 66 ಮೆಗಾಹರ್ಟ್ಸ್ ಮಾದರಿ ಗರಿಷ್ಠ 16 ವ್ಯಾಟ್ ಬಿಸಿ ಕಾರುತ್ತಿತ್ತು. ಅಂದಿಗೆ ಅದು ಗಾಬರಿ ಹುಟ್ಟಿಸುವ ಅಂಕಿ. ಚಿಪ್‌ನ ಬಿಸಿ ಅದರ ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆ ಏರುತ್ತದೆ. ಅಂದರೆ 5 ವೋಲ್ಟನ್ನು 3.3ಕ್ಕೆ ಇಳಿಸಿದರೆ ಅದೇ ಕೆಲಸಕ್ಕೆ ಅರ್ಧಕ್ಕಿಂತ ಕಡಿಮೆ ಬಿಸಿ. ಮರುವರ್ಷದ ಪೆಂಟಿಯಂಗಳು 3.3 ವೋಲ್ಟಿಗೆ ಇಳಿದವು. 1997ರ ಪೆಂಟಿಯಂ ಎಂಎಂಎಕ್ಸ್‌ನ ಒಡಲಿಗೆ 2.8 ವೋಲ್ಟ್ ಸಾಕಾಯಿತು.

ಪೆಟ್ಟಿಗೆಯಿಂದ ಬರುವುದು 5 ವೋಲ್ಟ್, ಚಿಪ್‌ಗೆ ಬೇಕಾದದ್ದು ಅದಕ್ಕಿಂತ ಕಡಿಮೆ. ನಡುವೆ ಇಳಿಸುವವರು ಯಾರು? ಮೊದಮೊದಲು ಆ ಕೆಲಸ ಮಾಡಿದ್ದು ಲೀನಿಯರ್ ರೆಗ್ಯುಲೇಟರ್ ಎಂಬ ಬಿಡಿಭಾಗ. ಅದರ ಕ್ರಮ ಒರಟು. ಹೆಚ್ಚುವರಿ ವೋಲ್ಟನ್ನು ತನ್ನ ಮೈಯಲ್ಲೇ ಸುಟ್ಟುಬಿಡುವುದು. 5 ವೋಲ್ಟಿನಿಂದ 3.3 ವೋಲ್ಟ್ ಮಾಡುವಾಗ ಪ್ರತಿ ನೂರು ವ್ಯಾಟಿಗೆ 34 ವ್ಯಾಟ್ ಬರೀ ಬಿಸಿ. ಆ ಕಾಲದ ಹಲವು ಮದರ್‌ಬೋರ್ಡುಗಳ ಮೇಲೆ ಪ್ರೊಸೆಸರಿನ ಪಕ್ಕ ಇನ್ನೊಂದು ಪುಟ್ಟ ಹೀಟ್‌ಸಿಂಕ್ ನಿಂತಿರುತ್ತಿದ್ದುದು ಇದರಿಂದಲೇ. ಪ್ರೊಸೆಸರಿನಿಂದ ಓಡಿಸಿದ ಬಿಸಿ ಪಕ್ಕದ ಮನೆಗೆ ಬಂದು ಕೂತಿತ್ತು.

1995ರ ಕೊನೆಗೆ ಬಂದ ಪೆಂಟಿಯಂ ಪ್ರೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತನಗೆ ಎಷ್ಟು ವೋಲ್ಟ್ ಬೇಕು ಎಂಬುದನ್ನು ಆ ಚಿಪ್ ಕೆಲವು ಪಿನ್ನುಗಳ ಮೂಲಕ ತಾನೇ ತಿಳಿಸುತ್ತಿತ್ತು. ಕೇಳಿದಷ್ಟು ಬಡಿಸಲು ಹಲಗೆಯ ಮೇಲೆ ಒಂದು ಪ್ರತ್ಯೇಕ ಘಟಕ ಬಂತು. ಅದಕ್ಕೆ ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್, ಚುಟುಕಾಗಿ ವಿ.ಆರ್.ಎಂ. ಎಂಬ ಹೆಸರಾಯಿತು. ಆಮೇಲೆ ಆ ಘಟಕ ಮದರ್‌ಬೋರ್ಡಿನಲ್ಲೇ ಕರಗಿಹೋದರೂ ಹೆಸರು ಮಾತ್ರ ಉಳಿಯಿತು.

ಕೆರೆಯ ತೂಬು

ಈ ವಿ.ಆರ್.ಎಂ. ಸುಟ್ಟು ಇಳಿಸುವುದಿಲ್ಲ, ತೆರೆದು ಮುಚ್ಚಿ ಇಳಿಸುತ್ತದೆ. ಎತ್ತರದ ಕೆರೆಯಿಂದ ಕೆಳಗಿನ ತೊಟ್ಟಿಗೆ ನೀರು ಬಿಡುವುದನ್ನು ಕಲ್ಪಿಸಿಕೊಳ್ಳಿ. ತೂಬನ್ನು ಪೂರ್ತಿ ತೆರೆದರೆ ತೊಟ್ಟಿ ಉಕ್ಕುತ್ತದೆ. ಹತ್ತು ಕ್ಷಣದಲ್ಲಿ ಒಂದು ಕ್ಷಣ ಮಾತ್ರ ತೆರೆದು ಒಂಬತ್ತು ಕ್ಷಣ ಮುಚ್ಚಿದರೆ? ತೊಟ್ಟಿಯಲ್ಲಿ ನೀರು ಬೇಕಾದ ಮಟ್ಟಕ್ಕೆ ನಿಲ್ಲುತ್ತದೆ. ಹೀಗೆ 12 ವೋಲ್ಟನ್ನು ಹತ್ತರಲ್ಲೊಂದು ಪಾಲು ಹೊತ್ತು ಮಾತ್ರ ಹರಿಯಬಿಟ್ಟರೆ ಸಿಗುವುದು 1.2 ವೋಲ್ಟ್. ತೂಬಿನ ಕೆಲಸ ಮಾಡುವುದು ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್, ಮೇಲೆ ಹೇಳಿದ ಕರಿಯ ಬಿಲ್ಲೆ. ಅದು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತದೆ. ಹರಿವಿನ ಏರಿಳಿತವನ್ನು ಕಾಯಿಲ್ ತಡೆದು ನಯಮಾಡುತ್ತದೆ. ತೊಟ್ಟಿಯಂತೆ ತುಂಬಿಟ್ಟುಕೊಂಡು, ಚಿಪ್ ಕೇಳಿದ ತಕ್ಷಣ ಕೊಡುವುದು ಕೆಪಾಸಿಟರ್ ಎಂಬ ಡಬ್ಬಿ.

ಈ ಬಗೆಯ ಪೂರೈಕೆಯ ಮೊದಲ ನಿಯಂತ್ರಕ ಚಿಪ್ಪನ್ನು 1976ರಲ್ಲಿ ಅಮೆರಿಕದ ಸಿಲಿಕಾನ್ ಜನರಲ್ ಕಂಪನಿಯ ರಾಬರ್ಟ್ ಮಮಾನೋ ರೂಪಿಸಿದರು. ತೂಬಾದ ಮಾಸ್‌ಫೆಟ್ ಅದಕ್ಕೂ ಹಳೆಯದು. ಬೆಲ್ ಪ್ರಯೋಗಾಲಯದಲ್ಲಿ ಈಜಿಪ್ಟ್ ಮೂಲದ ಮಹಮದ್ ಅಟಾಲ ಮತ್ತು ಕೊರಿಯಾದ ಡಾವನ್ ಕಾಂಗ್ 1959–60ರ ಸುಮಾರಿಗೆ ಅದನ್ನು ಮಾಡಿ ತೋರಿಸಿದ್ದರು. ಇಂದು ಪ್ರೊಸೆಸರಿನೊಳಗೆ ಲೆಕ್ಕ ಮಾಡುವುದೂ ಮಾಸ್‌ಫೆಟ್ಟೇ, ಹೊರಗೆ ನಿಂತು ಅದಕ್ಕೆ ಬಡಿಸುವುದೂ ಮಾಸ್‌ಫೆಟ್ಟೇ. ಒಂದೇ ಕುಲದವರಾದರೂ ಉಪಚಾರದಲ್ಲಿ ಮಾತ್ರ ಭೇದ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಷ್ಟು ಬಿಸಿಯ ಕೆಲಸವನ್ನು ಪ್ರೊಸೆಸರಿನ ಮಗ್ಗುಲಲ್ಲೇ ಏಕೆ ಮಾಡಬೇಕು? ದೂರದ ಪೆಟ್ಟಿಗೆಯಲ್ಲೇ 1.2 ವೋಲ್ಟ್ ತಯಾರಿಸಿ ತಂತಿಯಲ್ಲಿ ಕಳಿಸಿದರಾಗದೆ?

ಆಗದು. 120 ವ್ಯಾಟ್ ಕೇಳುವ ಚಿಪ್‌ಗೆ 1.2 ವೋಲ್ಟಿನಲ್ಲಿ ಬಡಿಸಬೇಕೆಂದರೆ 100 ಆಂಪಿಯರ್ ಹರಿಯಬೇಕು. ಮನೆಯಲ್ಲಿ ಸ್ನಾನದ ನೀರು ಕಾಯಿಸುವ 3 ಸಾವಿರ ವ್ಯಾಟಿನ ಗೀಸರ್ ಎಳೆಯುವುದು ಸುಮಾರು 13 ಆಂಪಿಯರ್. ಅಂಥ ಏಳೆಂಟು ಗೀಸರ್‌ಗಳಿಗೆ ಸಮನಾದ ಪ್ರವಾಹ ಬೆರಳಗಲದ ಚಿಪ್ಪಿನೊಳಕ್ಕೆ ಹೋಗಬೇಕು. ತಂತಿಯ ಬಿಸಿ ಪ್ರವಾಹದ ವರ್ಗದಷ್ಟು ಏರುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜೌಲ್ 1841ರಲ್ಲೇ ತೋರಿಸಿದ್ದ. ಓಮ್‌ನ ಸಾವಿರದಲ್ಲೊಂದು ಪಾಲು ರೋಧವಿರುವ ಒಳ್ಳೆಯ ತಂತಿಯಲ್ಲೂ 100 ಆಂಪಿಯರ್ ಹರಿದರೆ 10 ವ್ಯಾಟ್ ದಾರಿಯಲ್ಲೇ ಸುಟ್ಟುಹೋಗುತ್ತದೆ. ಅದೇ 120 ವ್ಯಾಟನ್ನು 12 ವೋಲ್ಟಿನಲ್ಲಿ ಕಳಿಸಿದರೆ 10 ಆಂಪಿಯರ್ ಸಾಕು, ನಷ್ಟ ವ್ಯಾಟಿನ ಹತ್ತರಲ್ಲೊಂದು ಪಾಲು ಮಾತ್ರ. ಶರಾವತಿಯ ವಿದ್ಯುತ್ತು ಬೆಂಗಳೂರಿಗೆ ಲಕ್ಷಾಂತರ ವೋಲ್ಟಿನಲ್ಲಿ ಬಂದು, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಯುವುದೂ ಇದೇ ಲೆಕ್ಕದಿಂದ. ವಿ.ಆರ್.ಎಂ. ಎಂಬುದು ಪ್ರೊಸೆಸರಿನ ಬೀದಿಯ ಟ್ರಾನ್ಸ್‌ಫಾರ್ಮರ್.

ಆ ಇಳಿಸುವ ಕೆಲಸದಲ್ಲಿ ನೂರಕ್ಕೆ ತೊಂಬತ್ತು ಪಾಲು ದಕ್ಕಿತೆಂದರೂ ಉಳಿದ ಹತ್ತು ಪಾಲು ಬಿಸಿಯೇ. 120 ವ್ಯಾಟ್ ಬಡಿಸುವಾಗ ಸುಮಾರು 13 ವ್ಯಾಟ್. ಕೇಳಲು ಅಲ್ಪ. ಆದರೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸವನ್ನು ನೀರಿನಂತೆ ಕರಗಿಸುತ್ತದೆ. ಅದರ ಅರ್ಧದಷ್ಟು ಬಿಸಿ ಉಗುರಿನಗಲದ ಕೆಲವು ಬಿಲ್ಲೆಗಳಲ್ಲಿ ಹುಟ್ಟುತ್ತದೆ. ಸಾಲದ್ದಕ್ಕೆ ಮಾಸ್‌ಫೆಟ್ ಕಾದಷ್ಟೂ ಅದರ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಷ್ಟೂ ಇನ್ನಷ್ಟು ಕಾಯುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ.

ಬಿಸಿಯ ಗೋಡೆ

2000ದ ನವೆಂಬರಿನಲ್ಲಿ ಬಂದ ಪೆಂಟಿಯಂ-4 ಈ ಭಾರವನ್ನು ಒಮ್ಮೆಲೇ ಏರಿಸಿತು. ಮೊದಲ ಮಾದರಿಗಳೇ 50 ವ್ಯಾಟ್ ದಾಟಿದವು. ಹಳೆಯ 5 ವೋಲ್ಟಿನ ದಾರಿ ಸಾಲದೆ, ಪ್ರೊಸೆಸರಿಗೆಂದೇ 12 ವೋಲ್ಟಿನ ನಾಲ್ಕು ಪಿನ್ನಿನ ಹೊಸ ಕನೆಕ್ಟರ್ ಬಂತು. ಇಂದಿಗೂ ಮದರ್‌ಬೋರ್ಡಿನ ಮೂಲೆಯಲ್ಲಿ ಅದನ್ನೋ, ಅದರ ಎಂಟು ಪಿನ್ನಿನ ಅಣ್ಣನನ್ನೋ ಕಾಣಬಹುದು.

ಅಲ್ಲಿಯವರೆಗೆ ಎಂಜಿನಿಯರುಗಳಿಗೆ ಒಂದು ಧೈರ್ಯವಿತ್ತು. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಅದರ ವೋಲ್ಟ್ ಇಳಿಸಬಹುದು, ಆಗ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಬಿಸಿ ಏರದು ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಲೆಕ್ಕ ಹಾಕಿಕೊಟ್ಟಿದ್ದರು. ಮೂವತ್ತು ವರ್ಷ ಆ ಲೆಕ್ಕ ನಡೆಯಿತು. 2004ರ ಫೆಬ್ರುವರಿಯಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಂ-4 ಅದರ ಮಿತಿಯನ್ನು ಜಗತ್ತಿಗೇ ತೋರಿಸಿತು. ಟ್ರಾನ್ಸಿಸ್ಟರುಗಳು ಎಷ್ಟು ತೆಳುವಾಗಿದ್ದವೆಂದರೆ, ಮುಚ್ಚಿದಾಗಲೂ ವಿದ್ಯುತ್ತು ಸೋರುತ್ತಿತ್ತು. ಅದರ ವೇಗದ ಮಾದರಿಗಳ ಬಿಸಿ 115 ವ್ಯಾಟ್ ಮುಟ್ಟಿತು. ಅದರ ನಂತರ ಬರಬೇಕಿದ್ದ ತೇಜಸ್ ಎಂಬ ಚಿಪ್ಪನ್ನು ಇಂಟೆಲ್ ಅದೇ ವರ್ಷ ಮೇ ತಿಂಗಳಲ್ಲಿ ಕೈಬಿಟ್ಟಿತು.

ಬಿಸಿಯನ್ನು ಗೆಲ್ಲಲು ಪೆಟ್ಟಿಗೆಯ ವಾಸ್ತುವನ್ನೇ ಬದಲಿಸುವ ಪ್ರಯತ್ನವೂ ನಡೆಯಿತು. ಇಂಟೆಲ್ 2003ರಲ್ಲಿ ಬಿ.ಟಿ.ಎಕ್ಸ್. ಎಂಬ ಹೊಸ ವಿನ್ಯಾಸ ಪ್ರಕಟಿಸಿತು. ಪೆಟ್ಟಿಗೆಯ ಮುಂದಿನಿಂದ ಬಂದ ತಂಗಾಳಿ ನೇರವಾಗಿ ಪ್ರೊಸೆಸರ್ ಮತ್ತು ಅದರ ನೆರೆಹೊರೆಯನ್ನು ಸವರಿಕೊಂಡು ಹಿಂದಕ್ಕೆ ಹೋಗಬೇಕೆಂಬುದು ಅದರ ತತ್ವ. 2006ರಲ್ಲಿ 65 ವ್ಯಾಟಿನ ಕೋರ್-2 ಡ್ಯುಯೊ ಬಂದಾಗ ಬಿಸಿಯ ಆತಂಕ ತಗ್ಗಿತು, ಅದೇ ವರ್ಷ ಇಂಟೆಲ್ ಬಿ.ಟಿ.ಎಕ್ಸ್.ಅನ್ನೂ ಕೈಬಿಟ್ಟಿತು. ನೆಗಡಿ ಹೋಯಿತೆಂದು ಮೂಗಿನ ಕಿಟಕಿಯನ್ನು ಮುಚ್ಚಿದ ಹಾಗಾಯಿತು. 1995ರ ಎ.ಟಿ.ಎಕ್ಸ್. ವಿನ್ಯಾಸವೇ ಇಂದಿಗೂ ಚಾಲ್ತಿಯಲ್ಲಿದೆ.

ಉಬ್ಬಿದ ಡಬ್ಬಿಗಳು

ಇದೇ ಕಾಲದಲ್ಲಿ ಜಗತ್ತಿನ ಅಸಂಖ್ಯ ಕಂಪ್ಯೂಟರುಗಳಿಗೆ ಒಂದು ವಿಚಿತ್ರ ರೋಗ ತಗುಲಿತು. ಸುಮಾರು 1999ರಿಂದ ಏಳೆಂಟು ವರ್ಷ ಕಾಲ ತಯಾರಾದ ಎಷ್ಟೋ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿನ ಸುತ್ತಲಿನ ಕೆಪಾಸಿಟರ್ ಡಬ್ಬಿಗಳು ನೆತ್ತಿ ಉಬ್ಬಿಸಿಕೊಂಡು ಕಂದು ದ್ರವ ಕಾರತೊಡಗಿದವು. ಯಂತ್ರ ಕಾರಣವಿಲ್ಲದೆ ನಿಲ್ಲುವುದು, ತಾನಾಗಿ ಮತ್ತೆ ಶುರುವಾಗುವುದು, ಕೊನೆಗೊಂದು ದಿನ ಏಳದೇ ಇರುವುದು.

ಇಂಥ ಕೆಪಾಸಿಟರಿನೊಳಗೆ ಎಲೆಕ್ಟ್ರೊಲೈಟ್ ಎಂಬ ದ್ರವವಿರುತ್ತದೆ. ಅಗ್ಗದಲ್ಲಿ ಒಳ್ಳೆಯ ಗುಣ ಪಡೆಯಲು ಅದರಲ್ಲಿ ನೀರಿನ ಪಾಲು ಹೆಚ್ಚಿಸುತ್ತಾರೆ. ನೀರು ಅಲ್ಯೂಮಿನಿಯಂ ಅನ್ನು ಕೊರೆಯದಂತೆ ತಡೆಯುವ ರಾಸಾಯನಿಕಗಳು ಜೊತೆಗಿರಬೇಕು. ಕೆಲವು ತಯಾರಕರ ದ್ರವದಲ್ಲಿ ಅವು ಸರಿಯಾಗಿ ಇರಲಿಲ್ಲ. ಕದ್ದು ತಂದ ಅರೆಬರೆ ಸೂತ್ರವೇ ಇದಕ್ಕೆ ಕಾರಣವೆಂದು ಆಗ ವರದಿಗಳೂ ಬಂದವು. ಸೂತ್ರದ ಕತೆ ಏನೇ ಇರಲಿ, ಡಬ್ಬಿಯೊಳಗೆ ಜಲಜನಕ ಅನಿಲ ಹುಟ್ಟಿ ಉಬ್ಬಿದ್ದು ನಿಜ. 2005ರಲ್ಲಿ ಡೆಲ್ ಕಂಪನಿ ಇಂಥ ದೋಷದ ಯಂತ್ರಗಳ ದುರಸ್ತಿಗೆಂದು ತನ್ನ ಲೆಕ್ಕದಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ದೋಷ ರಸಾಯನದ್ದಾದರೂ ಅದನ್ನು ಬೇಗ ಹಣ್ಣಾಗಿಸಿದ್ದು ಬಿಸಿ. ತಾಪ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಏರುವ ಬಗೆಯನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಸೂತ್ರವಾಗಿ ಬರೆದಿಟ್ಟಿದ್ದ. ಅದರಿಂದ ಬಂದ ಅಂದಾಜು ನಿಯಮವೊಂದು ಎಲೆಕ್ಟ್ರಾನಿಕ್ಸ್ ಬಲ್ಲವರಿಗೆಲ್ಲ ಬಾಯಿಪಾಠ: ತಾಪ 10 ಡಿಗ್ರಿ ಏರಿದರೆ ದ್ರವದ ಕೆಪಾಸಿಟರಿನ ಆಯುಷ್ಯ ಅರ್ಧ. 105 ಡಿಗ್ರಿಯಲ್ಲಿ 2 ಸಾವಿರ ಗಂಟೆ ಬಾಳುವ ಡಬ್ಬಿ 65 ಡಿಗ್ರಿಯಲ್ಲಿ 32 ಸಾವಿರ ಗಂಟೆ ಬಾಳುತ್ತದೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ನಡೆಯುವ ಕಚೇರಿಯ ಯಂತ್ರದಲ್ಲಿ ಅದು 13 ವರ್ಷ. ಅದೇ ಡಬ್ಬಿ 85 ಡಿಗ್ರಿಯಲ್ಲಿದ್ದರೆ 8 ಸಾವಿರ ಗಂಟೆ, ಅಂದರೆ ಮೂರು ವರ್ಷ ಚಿಲ್ಲರೆ. ನಡುವಿನ ಹತ್ತು ವರ್ಷಗಳ ಬೆಲೆ ಒಂದಿಷ್ಟು ಗಾಳಿ.

ಜಪಾನಿನ ಸಾನ್ಯೊ ಕಂಪನಿ 1983ರಲ್ಲೇ ದ್ರವದ ಬದಲು ಘನ ವಸ್ತು ತುಂಬಿದ ಕೆಪಾಸಿಟರ್ ತಂದಿತ್ತು. ದುಬಾರಿಯೆಂದು ದೂರವಿಟ್ಟಿದ್ದ ಈ ಬಗೆಯನ್ನು ಮದರ್‌ಬೋರ್ಡ್ ತಯಾರಕರು ರೋಗದ ಬಳಿಕ ಆತುರದಿಂದ ಅಪ್ಪಿಕೊಂಡರು. ಕೆಟ್ಟ ಮೇಲೆ ಬುದ್ಧಿ ಬಂತು.

ದೀಪದ ಬುಡದಲ್ಲಿ ಕತ್ತಲು

ಇಷ್ಟರಲ್ಲಿ ಇನ್ನೊಂದು ವಿಪರ್ಯಾಸ ನಡೆದಿತ್ತು. ಪ್ರೊಸೆಸರಿನ ಜೊತೆಗೆ ಬರುವ ಸಾಮಾನ್ಯ ಫ್ಯಾನು ಗಾಳಿಯನ್ನು ಮೇಲಿನಿಂದ ಕೆಳಕ್ಕೆ, ಹಲಗೆಯತ್ತ ಊದುತ್ತದೆ. ಆ ಗಾಳಿ ಹಲಗೆಗೆ ಬಡಿದು ನಾಲ್ಕೂ ಕಡೆ ಚೆದುರುವಾಗ ಅಕ್ಕಪಕ್ಕದ ವಿ.ಆರ್.ಎಂ.ಗೂ ತಾಗುತ್ತದೆ. ಯಜಮಾನನ ಎಲೆಯಿಂದ ಉದುರಿದ ಅಗುಳಿನಲ್ಲೇ ನೆರೆಯವರ ಹೊಟ್ಟೆ ತುಂಬುತ್ತಿತ್ತು. ಪ್ರೊಸೆಸರನ್ನು ಇನ್ನಷ್ಟು ತಂಪಾಗಿಸಲು ಗೋಪುರದಂತೆ ನಿಲ್ಲುವ ಎತ್ತರದ ಕೂಲರ್‌ಗಳು ಬಂದವು. ಅವು ಗಾಳಿಯನ್ನು ಹಲಗೆಗೆ ಸಮಾನಾಂತರವಾಗಿ, ಮೇಲಿಂದ ಮೇಲೆಯೇ ಸಾಗಿಸುತ್ತವೆ. ನೀರಿನ ಕೂಲರ್ ಹಾಕಿದರಂತೂ ಆ ಜಾಗದಲ್ಲಿ ಫ್ಯಾನೇ ಇರುವುದಿಲ್ಲ. ಪ್ರೊಸೆಸರ್ ತಣ್ಣಗಾಗಿ ಹೆಚ್ಚು ಓಡುತ್ತದೆ, ಹೆಚ್ಚು ಪ್ರವಾಹ ಕೇಳುತ್ತದೆ. ಬಡಿಸುವವರಿಗೆ ಕೆಲಸ ಹೆಚ್ಚಿತು, ಗಾಳಿ ನಿಂತಿತು.

ಹಾಗೆಂದು ಉಪಾಯಗಳಿಲ್ಲದೆ ಇಲ್ಲ. ಮೊದಲನೆಯದು ಎಕರ್ಟ್‌ನ ಹಳೆಯ ರೈತಬುದ್ಧಿ: ಹೇರು ಹಂಚುವುದು. 100 ಆಂಪಿಯರನ್ನು ಒಂದೇ ತೂಬಿನಲ್ಲಿ ಹರಿಸುವ ಬದಲು ನಾಲ್ಕು ತೂಬುಗಳಿಗೆ 25ರಂತೆ ಹಂಚಿದರೆ, ಪ್ರವಾಹದ ವರ್ಗದ ಲೆಕ್ಕದಿಂದಾಗಿ ರೋಧದ ಬಿಸಿ ಒಟ್ಟಾರೆ ಕಾಲು ಭಾಗಕ್ಕೆ ಇಳಿಯುತ್ತದೆ. ಜಾಹೀರಾತುಗಳಲ್ಲಿ 'ಎಂಟು ಫೇಸ್', 'ಹದಿನಾರು ಫೇಸ್' ಎಂದು ಕಾಣುವುದು ಈ ತೂಬುಗಳ ಸಂಖ್ಯೆ. ಎರಡನೆಯದು, ಹಲಗೆಯನ್ನೇ ಹೀಟ್‌ಸಿಂಕ್ ಮಾಡುವುದು. 2008ರಲ್ಲಿ ತೈವಾನಿನ ಗಿಗಾಬೈಟ್ ಕಂಪನಿ ಮದರ್‌ಬೋರ್ಡಿನೊಳಗಿನ ತಾಮ್ರದ ಪದರವನ್ನು ದುಪ್ಪಟ್ಟು ದಪ್ಪ ಮಾಡಿತು. ಮೂರನೆಯದು ಹೀಟ್‌ಪೈಪ್. ಕೊಳವೆಯೊಳಗಿನ ಚೂರು ದ್ರವ ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಹನಿಯಾಗಿ, ಬತ್ತಿಯಂಥ ಒಳಪದರದ ಮೂಲಕ ಮರಳಿ ಬರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಮಾಡಿ ತೋರಿಸಿದ ಈ ಕೊಳವೆ ಬಾಹ್ಯಾಕಾಶ ನೌಕೆಗಳಿಂದ ಮದರ್‌ಬೋರ್ಡಿಗೂ ಇಳಿದು ಬಂತು. ಬಡಿಸುವವರನ್ನು ಚಿಪ್ಪಿನೊಳಕ್ಕೇ ಕರೆದುಕೊಳ್ಳುವ ಪ್ರಯೋಗವೂ ಆಯಿತು. 2013ರ ಹ್ಯಾಸ್ವೆಲ್ ಪ್ರೊಸೆಸರಿನಲ್ಲಿ ಇಂಟೆಲ್ ವಿ.ಆರ್.ಎಂ.ನ ಕೊನೆಯ ಹಂತವನ್ನು ಒಳಗೇ ಕೂಡಿಸಿತು. ಅವರ ಬಿಸಿಯೂ ಜೊತೆಗೇ ಒಳಕ್ಕೆ ಬಂತು! 2015ರ ಸ್ಕೈಲೇಕ್‌ನಲ್ಲಿ ಅವರು ಮತ್ತೆ ಹೊರಗೆ.

ಅಂದಚೆಂದದ ಹುಚ್ಚು ಮಾತ್ರ ಈ ಉಪಾಯಗಳ ದಾರಿಗೆ ಅಡ್ಡ ಬಂತು. ಶಾಖ ಬಿಡಬೇಕಾದ ಹೀಟ್‌ಸಿಂಕಿಗೆ ಬೇಕಾದದ್ದು ತೆಳ್ಳನೆಯ ಹತ್ತಾರು ರೆಕ್ಕೆಗಳು, ಗಾಳಿ ಸವರಲು ಹೆಚ್ಚು ಮೈ. ಕೆಲವು ದುಬಾರಿ ಹಲಗೆಗಳಲ್ಲಿ ರೆಕ್ಕೆಗಳೇ ಇಲ್ಲದ ನುಣ್ಣನೆಯ ಲೋಹದ ತುಂಡು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಬಣ್ಣದ ದೀಪ. 2017ರಲ್ಲಿ ಇಂಟೆಲ್‌ನ ಎಕ್ಸ್-299 ಮಾದರಿಯ ಹಲಗೆಗಳು ಬಂದಾಗ ಹತ್ತು ಕೋರ್‌ಗಳ ಪ್ರೊಸೆಸರನ್ನು ವೇಗ ಹೆಚ್ಚಿಸಿ ಓಡಿಸಿದವರು, ಪ್ರೊಸೆಸರ್ ತಣ್ಣಗಿದ್ದರೂ ವಿ.ಆರ್.ಎಂ. ಕೆಂಡವಾಗುತ್ತಿದೆ ಎಂದು ಬಹಿರಂಗವಾಗಿ ದೂರಿದರು. ಟೀಕೆಯ ನಂತರ ರೆಕ್ಕೆಗಳು ನಿಧಾನವಾಗಿ ಮರಳಿದವು.

ನಮ್ಮ ಬೇಸಿಗೆ, ನಮ್ಮ ಯಂತ್ರ

ಫ್ಯಾನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ತಂಪನ್ನು ಹುಟ್ಟಿಸುವುದಿಲ್ಲ, ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೆ. ಕೋಣೆಯೇ ಕಾದಿದ್ದರೆ ಅದೂ ಅಸಹಾಯಕ. 28 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ 70 ಡಿಗ್ರಿ ತೋರಿಸುವ ಬಿಡಿಭಾಗ 42 ಡಿಗ್ರಿಯ ಕಲಬುರಗಿಯ ಬೇಸಿಗೆಯಲ್ಲಿ ಅದೇ ಕೆಲಸಕ್ಕೆ 84 ದಾಟುತ್ತದೆ. ಹತ್ತು ಡಿಗ್ರಿಯ ನಿಯಮದಂತೆ ಆಯುಷ್ಯ ಅರ್ಧಕ್ಕಿಂತ ಕಡಿಮೆ. ರಾಯಚೂರಿನ ಸರ್ಕಾರಿ ಶಾಲೆಯ ಯಂತ್ರವೂ ಮಂಗಳೂರಿನ ಏಸಿ ಕಚೇರಿಯ ಯಂತ್ರವೂ ಒಂದೇ ದಿನ ಒಂದೇ ಕಾರ್ಖಾನೆಯಿಂದ ಬಂದಿದ್ದರೂ ಅವುಗಳ ಜಾತಕ ಬೇರೆ. ಬಡ ಶಾಲೆಗೆ ಹಳೆಯ ಯಂತ್ರ ದಾನ ಕೊಡುವಾಗ ಈ ಲೆಕ್ಕ ನೆನಪಿಗೆ ಬರಬೇಕು.

ಮಾಡಬೇಕಾದದ್ದು ದೊಡ್ಡದೇನಲ್ಲ. ಪೆಟ್ಟಿಗೆಯನ್ನು ಗೋಡೆಗೆ ಒತ್ತರಿಸದೆ, ಮೇಜಿನ ಕಪಾಟಿನೊಳಗೆ ತುರುಕದೆ, ಬಟ್ಟೆ ಹೊದಿಸಿಟ್ಟು ಓಡಿಸದೆ ಇರುವುದು. ಆರು ತಿಂಗಳಿಗೊಮ್ಮೆ ವಿದ್ಯುತ್ ತೆಗೆದು ದೂಳು ಊದಿಸುವುದು. ಗೋಪುರದ ಕೂಲರ್ ಅಥವಾ ನೀರಿನ ಕೂಲರ್ ಹಾಕಿಸಿದರೆ ಪಕ್ಕದ ಸಾಲಿಗೂ ಗಾಳಿ ತಾಗುವಂತೆ ಒಂದು ಫ್ಯಾನು ಇಡಿಸುವುದು. ಹೊಸದು ಕೊಳ್ಳುವಾಗ ದುಬಾರಿ ಪ್ರೊಸೆಸರಿಗೆ ತೀರಾ ಅಗ್ಗದ ಹಲಗೆ ಜೋಡಿಸದಿರುವುದು. ಈಗಿನ ಹಲಗೆಗಳು ಕಾದರೆ ಸಿಡಿಯುವ ಬದಲು ಪ್ರೊಸೆಸರಿನ ವೇಗವನ್ನೇ ತಗ್ಗಿಸುತ್ತವೆ. ಯಂತ್ರ ನಿಧಾನವಾಯಿತೆಂದು ಹೊಸದು ಕೊಳ್ಳಲು ಹೊರಡುವ ಮುನ್ನ ಒಳಗಿನ ದೂಳು ನೋಡುವುದು ಲಾಭದ ಮಾತು.

ಇತ್ತ ದೊಡ್ಡ ಯಂತ್ರಗಳ ಲೋಕದಲ್ಲಿ ಇದೇ ಕತೆ ಹತ್ತುಪಟ್ಟು ದೊಡ್ಡದಾಗಿ ಮರಳಿದೆ. ಕೃತಕ ಬುದ್ಧಿಮತ್ತೆಗೆ ಬಳಸುವ ಎನ್ವಿಡಿಯಾದ ಎಚ್-100 ಚಿಪ್, 2022ರದು, 700 ವ್ಯಾಟ್‌ವರೆಗೆ ಕೇಳುತ್ತದೆ. ಒಂದು ವೋಲ್ಟಿನ ಆಸುಪಾಸಿನಲ್ಲಿ ಅದನ್ನು ಬಡಿಸಲು ನೂರಾರು ಆಂಪಿಯರ್ ಬೇಕು. 12 ವೋಲ್ಟಿನ ದಾರಿಯೂ ಈಗ ಕಿರಿದೆನಿಸಿ, ಗೂಗಲ್‌ನಂಥ ಕಂಪನಿಗಳು 48 ವೋಲ್ಟಿಗೆ ಏರಿವೆ. ಪ್ರವಾಹ ಕಾಲು ಭಾಗವಾದರೆ ದಾರಿಯ ನಷ್ಟ ಹದಿನಾರರಲ್ಲೊಂದು. ಜೌಲ್‌ನ ಲೆಕ್ಕ ಈಗಲೂ ಬದಲಾಗಿಲ್ಲ.

ನಮ್ಮ ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು 2011ರಲ್ಲಿ ಪ್ರಕಟವಾದವು. 2022ರ ಪರಿಷ್ಕೃತ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿವೆ. ಕಸವಾದ ಮೇಲೆ ಏನು ಮಾಡಬೇಕೆಂಬುದನ್ನು ಅವು ಹೇಳುತ್ತವೆ. ಕಸವಾಗುವುದನ್ನು ಮುಂದೂಡುವ ಕೆಲಸ ಯಂತ್ರ ಮಾಡುವವರದು, ಕೊಳ್ಳುವವರದು, ಬಳಸುವವರದು. ಒಂದು ಮದರ್‌ಬೋರ್ಡಿನಲ್ಲಿ ತಾಮ್ರವಿದೆ, ಚಿನ್ನದ ಲೇಪವಿದೆ, ಎಷ್ಟೋ ಜನರ ದುಡಿಮೆಯಿದೆ. ಕೆಲವೇ ರೂಪಾಯಿಯ ಒಂದು ಡಬ್ಬಿ ಬೆಂದುಹೋದದ್ದಕ್ಕೆ ಅದಿಷ್ಟನ್ನೂ ತಿಪ್ಪೆಗೆ ಹಾಕುವುದು ಬಡವರ ದೇಶಕ್ಕೂ ಸಲ್ಲದು, ಸಿರಿವಂತರ ದೇಶಕ್ಕೂ ಸಲ್ಲದು.